ತುಳಜಾಬಾಯಿಯ ಸಾಕ್ಷಿ

ನಮ್ಮ ಸೋದರತ್ತೆ ತುಳಜಾಬಾಯಿಯನ್ನು ಮೊಗುಡಂಪಲ್ಲಿಯಲ್ಲಿ ಹೊಗಳದವರಿಲ್ಲ. ಯಾರ ಮನೆಯ ಬಾಣಂತನವಿರಲಿ, ಜ್ವರವಿರಲಿ, ಕರೆಯುವ ಮೊದಲೇ ಹಾಜರು. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತನ್ನು ಇವಳನ್ನು ನೋಡಿಯೇ ಕಟ್ಟಿರಬೇಕು. ಆ ಮನೆಯ ಮಗಳು ನಾನು, ಹೇಳುವ ಹಕ್ಕು ನನಗಿದೆ.

ಮದುವೆಯಾದ ವರ್ಷವೇ ಗಂಡ ಸತ್ತು ತವರಿಗೆ ಬಂದವಳು. ನಮ್ಮಜ್ಜಿ ತೀರಿದ ಮೇಲೆ ಚಿಕ್ಕ ತಮ್ಮ ಸಾಯಪ್ಪನನ್ನು, ಅಂದರೆ ನಮ್ಮಪ್ಪನನ್ನು, ಉಣಿಸಿ ಉಡಿಸಿ ಬೆಳೆಸಿದಳು. ಅಪ್ಪ ಕಲ್ಲುಕೆಲಸದವನಾದ. ತಾಂಡೂರಿನಿಂದ ಪರಸಿ ಕಲ್ಲು ತರಿಸಿ ನಮ್ಮ ಕ್ರೈಸ್ತ ಸಭೆಯ ಸಮಾಧಿ ಜಾಗಕ್ಕೆ ಗೋಡೆ ಕಟ್ಟಿದವನು ಅವನೇ. ಒಳಗೆ ಅಜ್ಜಿಯ ಗೋರಿಯ ಪಕ್ಕ ತನಗೊಂದು ಜಾಗ ಬಿಡಿಸಿಕೊಂಡಿದ್ದ. ಬೇರೇನೂ ಆಸೆ ಇಟ್ಟುಕೊಂಡ ಮನುಷ್ಯನಲ್ಲ.

ಜಹೀರಾಬಾದಿನಿಂದ ಬರುವ ಪಾಸ್ಟರ್ ಆನಂದಕುಮಾರರ ತೆಲುಗು ಪ್ರಸಂಗವನ್ನು ಹೆಂಗಸರಿಗೆ ಕನ್ನಡದಲ್ಲಿ ಹೇಳುವವಳು ಅತ್ತೆ. ನ್ಯಾಯತೀರ್ಪಿನ ದಿನ ಬರುತ್ತದೆ, ನಂಬಿಗಸ್ತರಾದ ಕೆಲವರು ಮಾತ್ರ ಉಳಿಯುತ್ತಾರೆ ಎಂದು ಅವರು ಹೇಳಿದರೆ, ಊರಲ್ಲಿ ಯಾರ್‍ಯಾರು ಉಳಿಯುವುದಿಲ್ಲವೋ ಅವರ ಹೆಸರನ್ನು ಇವಳು ಸೇರಿಸುತ್ತಿದ್ದಳು. ಪಾಸ್ಟರಿಗೆ ಕನ್ನಡ ಅಷ್ಟಕ್ಕಷ್ಟೆ. ಆಮೆನ್ ಅನ್ನುತ್ತಿದ್ದರು.

ದಸರೆಗೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು ತಗೊಂಡು, ಹಳೆಯ ಜಗಳ ಮರೆತು ಅಪ್ಪಿಕೊಳ್ಳುವುದುಂಟು. ನೀನು ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ. ಹೋದ ವರ್ಷ ನೆರೆಯವರು ಕೊಟ್ಟ ಬನ್ನಿಯನ್ನು ಅಪ್ಪ ತಗೊಂಡ, ಅದನ್ನೇ ಹಿಡಿದು ಅಕ್ಕನ ಕಾಲಿಗೆ ಬೀಳಲು ಹೋದ. ವಿಗ್ರಹದ ಮುಂದಿನ ಎಲೆ ಎಂದು ಅವಳು ಬಾಗಿಲು ಹಾಕಿಕೊಂಡಳು. ಮೂರು ವಾರಕ್ಕೆ ಅಪ್ಪ ಎದೆನೋವಿನಿಂದ ತೀರಿಕೊಂಡ.

ನಮ್ಮ ಸಭೆಯಲ್ಲಿ ಒಂದು ಪದ್ಧತಿ. ಹೆಣ ಗೇಟಿನೊಳಗೆ ಹೋಗುವ ಮೊದಲು, ಸತ್ತವರು ಕೊನೆವರೆಗೂ ನಂಬಿಕೆಯಲ್ಲಿ ನಿಂತಿದ್ದರು ಎಂದು ಸಭೆಯ ಹಿರಿಯರು ಸಾಕ್ಷಿ ಹೇಳಬೇಕು. ಈಗ ಹಿರಿಯಳು ಅತ್ತೆಯೇ. ಒಂದು ಹೂಂ ಸಾಕಿತ್ತು. ಬನ್ನಿ ಮುಟ್ಟಿದ್ದಕ್ಕೆ ಪಶ್ಚಾತ್ತಾಪಪಟ್ಟಿದ್ದನೆಂದು ಹೇಳಿಬಿಡಿ ಎಂದು ಪಾಸ್ಟರೇ ಮೆಲ್ಲಗೆ ದಾರಿ ತೋರಿಸಿದರು. ಇವಳದು ಹಿಡಿದ ಮೊಲಕ್ಕೆ ಮೂರೇ ಕಾಲು.

“ಸುಳ್ಳು ಸಾಕ್ಷಿ ಹ್ಯಾಂಗ ಹೇಳಲಿರಿ? ನನ್ನ ತಮ್ಮ, ಖರೆ. ಆದ್ರ ದೇವರ ಮುಂದ ತಮ್ಮ ಇಲ್ಲ, ಅಕ್ಕ ಇಲ್ಲ.”

ಅಳುತ್ತಲೇ ಹೇಳಿದಳು, ಆ ಅಳು ನಾಟಕವಲ್ಲ. ಆದರೂ ಅಂದು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಇನ್ನೂ ಆರಿಲ್ಲ. ತಾನೇ ಕಟ್ಟಿದ ಗೋಡೆಯ ಹೊರಗೆ, ತೊಗರಿ ಹೊಲದ ಬದಿಗೆ ಅಪ್ಪನನ್ನು ಹೂಳಿದೆವು.

ಮುಂದಿನ ಭಾನುವಾರದಿಂದ ಸಭೆಯ ಹನ್ನೊಂದು ಮನೆಯವರೂ ಚರ್ಚಿಗೆ ಬರಲಿಲ್ಲ. ಬನ್ನಿ ಮುಟ್ಟದ ಕೈ ಅವರಲ್ಲಿ ಯಾರದಿತ್ತು? ನಾಳೆ ತಮ್ಮ ಹೆಣದ ಗತಿಯೂ ಇದೇ ಎಂದು ಎಲ್ಲರಿಗೂ ಗೊತ್ತಾಯಿತು. ಪಾಸ್ಟರ್ ಕೆಲವು ತಿಂಗಳು ಬಂದು, ಆಮೇಲೆ ಬಿಟ್ಟರು. ಅತ್ತೆ ಒಬ್ಬಳೇ ಗಂಟೆ ಬಾರಿಸುತ್ತಾಳೆ, ಒಬ್ಬಳೇ ಹಾಡುತ್ತಾಳೆ.

ಮೊನ್ನೆ ಕೋಲೂರಿಕೊಂಡು ನನ್ನ ಮನೆಗೆ ಬಂದಳು. ಚಹಾ ಕೊಟ್ಟೆ, ಕುಡಿಯಲಿಲ್ಲ. ತಾನು ಸತ್ತರೆ ಗೋಡೆಯ ಹೊರಗೆ, ಸಾಯಪ್ಪನ ಪಕ್ಕದಲ್ಲಿ ಹೂಳಬೇಕೆಂದು ನನ್ನ ಕೈ ಹಿಡಿದಳು. ಪಾಪ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಆದರೂ ಕೈ ಬಿಡಿಸಿಕೊಂಡೆ.

“ನೀ ಉಳದಾಕಿ, ಅತ್ತಿ. ನಿನ್ನ ಜಾಗ ಒಳಗೇ ಅದ,” ಎಂದೆ. “ಸಾಕ್ಷಿ ನಾ ಹೇಳ್ತೀನಿ.”