ಆಪಾ ಕಂಡ ಬಿಸಿಲು

ಕಳೆದ ವಾರ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಗೇಟಿನೆದುರು ಗೋಬಿ ಗಾಡಿಯವನು ಕಾದ ಬಾಣಲೆಗೆ ವಿನೆಗರ್ ಸುರಿದ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ತುಮಕೂರಿನ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿದ್ದ ಆಪಾ ನೆನಪಾದರು. ಫಿಲ್ಮ್ ತೊಳೆಯುವಾಗ ಅವರು ನೀರಿಗೆ ವಿನೆಗರ್ ಬೆರೆಸುತ್ತಿದ್ದರು. ಮೆಟ್ಟಿಲ ಮೇಲೆಲ್ಲ ಅದೇ ವಾಸನೆ...

ಉರ್ದುವಿನಲ್ಲಿ ಆಪಾ ಅಂದರೆ ಅಕ್ಕ; ಬೀದಿಗೆಲ್ಲ ಅವರು ಆಪಾ, ನನಗೂ ಹಾಗೆಯೇ. ಗುಬ್ಬಿಯಲ್ಲಿ ಅವರ ತಂದೆಗೆ ಫೋಟೋ ಸ್ಟುಡಿಯೋ ಇತ್ತು. ಗಂಡಸರ ಕ್ಯಾಮೆರಾ ಎದುರು ಕೂರಲು ಸಂಕೋಚಪಡುವ ಹೆಂಗಸರ ಫೋಟೋ ತೆಗೆಯುತ್ತಿದ್ದದ್ದು ಈ ಮಗಳು. ಡಿಜಿಟಲ್ ಬಂದು ಸ್ಟುಡಿಯೋ ಮುಚ್ಚಿದ ಮೇಲೂ ಅಪ್ಪನ ಹಳೆಯ ಪೆಟ್ಟಿಗೆ ಕ್ಯಾಮೆರಾವನ್ನು ಅವರು ಬಿಟ್ಟಿರಲಿಲ್ಲ. ಬೆಳಕನ್ನು ಕಣ್ಣಲ್ಲೇ ಅಳೆಯುತ್ತಿದ್ದರು. ನನಗೂ ಕಲಿಸಿದರು: ಮೋಡವಿಲ್ಲದ ನಡುಮಧ್ಯಾಹ್ನವಾದರೆ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಹದಿನಾರಕ್ಕೆ, ಬೆಳಕು ಕಡಿಮೆಯಾದಂತೆ ಅಂಕಿ ಇಳಿಸಬೇಕು, ಆಗ ಕಿಂಡಿ ದೊಡ್ಡದಾಗುತ್ತದೆ.

ಮಾಪಕಗಳನ್ನು ಪರೀಕ್ಷಿಸುವುದೇ ಫ್ಯಾಕ್ಟರಿಯಲ್ಲಿ ನನ್ನ ಕೆಲಸ. ಕಣ್ಣಂದಾಜನ್ನು ನಂಬಿ ಅಭ್ಯಾಸವಿಲ್ಲ. ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು, ಬೆಳಕಿನ ಸೆನ್ಸರ್, ಬೆಳಕು ಸಮನಾಗಿ ಹರಡಲು ಅದರ ಮೇಲೆ ಅರ್ಧ ಕತ್ತರಿಸಿದ ಟೇಬಲ್ ಟೆನಿಸ್ ಚೆಂಡು, ಎರಡು ಬೆರಳಗಲದ ಪರದೆ... ಎಲ್ಲವನ್ನೂ ಸೋಪಿನ ಡಬ್ಬಿಯಲ್ಲಿ ಕೂರಿಸಿ, ಪ್ರೋಗ್ರಾಂ ಬರೆದು, ನಾನೇ ಒಂದು ಲೈಟ್ ಮೀಟರ್ ಮಾಡಿದೆ. ಮುಖದ ಹತ್ತಿರ ಹಿಡಿದರೆ ಎಷ್ಟು ಅಪರ್ಚರ್ ಇಡಬೇಕೆಂದು ತೋರಿಸುತ್ತಿತ್ತು.

ತಾರಸಿಯ ಮೇಲೆ ಪರೀಕ್ಷೆ. ನಡುಮಧ್ಯಾಹ್ನ. ಮೀಟರು ಹದಿನಾರು ತೋರಿಸಿತು. ಆಪಾ ಹುಬ್ಬಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿ, "ಎಂಟು" ಅಂದರು.

"ಎಂಟಾ? ಇಷ್ಟು ಬಿಸಿಲಿದೆಯಲ್ಲ ಆಪಾ!"

"ಎಲ್ಲೈತೆ ಬಿಸಿಲು? ಮೋಡ ಕವ್ಕೊಂಡೈತೆ ಕಣೇ. ನಿನ್ ಡಬ್ಬಿ ಸುಳ್ಳು ಹೇಳ್ತೈತೆ."

ನಾನು ತಲೆಯೆತ್ತಿದೆ. ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ.

ಅವರ ಕಣ್ಣಿಗೆ ಪೊರೆ ಬಂದಿದೆ ಎಂದು ಆಗಲೇ ಹೊಳೆಯಿತು. ಹೇಳಬೇಕಿತ್ತು. ಆದರೆ ಜೀವಮಾನವಿಡೀ ಬೆಳಕು ನೋಡಿಯೇ ಬಾಳಿದವರಿಗೆ, ನಿಮ್ಮ ಕಣ್ಣು ಸರಿಯಿಲ್ಲ ಎನ್ನಲು ಬಾಯಿ ಬರಲಿಲ್ಲ. ಬದಲಿಗೆ ಪ್ರೋಗ್ರಾಮಿನಲ್ಲಿ ಒಂದು ಸಂಖ್ಯೆ ಬದಲಾಯಿಸಿದೆ. ಮರುದಿನ ಮೀಟರೂ ಎಂಟು ತೋರಿಸಿತು. "ಈಗ ಬುದ್ಧಿ ಬಂತು ನೋಡು ಇದಕ್ಕೆ" ಎಂದು ಆಪಾ ಡಬ್ಬಿಯ ಬೆನ್ನು ತಟ್ಟಿದರು.

ಅದೇ ಭಾನುವಾರ ಇಬ್ಬರೂ ಆ ಡಬ್ಬಿ ಹಿಡಿದು ಕುಣಿಗಲ್ಲಿಗೆ ಹೋದೆವು, ಅವರ ಅಕ್ಕನ ಫೋಟೋ ತೆಗೆಯಲು. ಆಪಾ ಹುಡುಗಿಯಾಗಿದ್ದಾಗ ಮೊದಲ ಸಲ ಕ್ಯಾಮೆರಾ ಹಿಡಿದದ್ದು ಈ ಅಕ್ಕನ ಮದುವೆಯಲ್ಲಿ. ಆ ಫೋಟೋಗಳೆಲ್ಲ ಕೆಟ್ಟುಹೋಗಿದ್ದವು. ಆಮೇಲೆ ಅಕ್ಕ ತಂಗಿಯ ಕ್ಯಾಮೆರಾ ಎದುರು ಕೂತಿರಲೇ ಇಲ್ಲ. ಈಗ, ಇಷ್ಟು ವರ್ಷದ ಮೇಲೆ, ಒಪ್ಪಿದ್ದರು. ಜಗಲಿಯಲ್ಲಿ ಬಿಳಿ ದುಪಟ್ಟಾ ಹೊದ್ದು, ರೀಲಿನ ಹನ್ನೆರಡು ಫೋಟೋ ಮುಗಿಯುವವರೆಗೂ ಕದಲದೆ ಕೂತರು.

ಮೂರನೆಯ ದಿನ ಆಪಾ ನನ್ನನ್ನು ಮೇಲಕ್ಕೆ ಕರೆದರು. ತೊಳೆದ ಫಿಲ್ಮನ್ನು ಕಿಟಕಿಗೆ ಹಿಡಿದು ನಿಂತಿದ್ದರು. ಬೆಳಕು ಹೆಚ್ಚು ಬಿದ್ದಷ್ಟೂ ನೆಗೆಟಿವ್ ಕಪ್ಪಾಗುತ್ತದೆ. ಅಕ್ಕನ ಕೆನ್ನೆ ಯಾವುದು, ದುಪಟ್ಟಾ ಯಾವುದು ತಿಳಿಯದಂತೆ ಎಲ್ಲವೂ ಒಂದೇ ಕಪ್ಪು.

"ನನ್ ಕಣ್ಣಿಗೆ ಮಾತ್ರ ಹಿಂಗ್ ಕಾಣ್ತೈತಾ, ನಿಂಗೂ ಹಿಂಗೇನಾ?"

"ನನಗೂ ಹಾಗೇ ಆಪಾ..."

"ಹಂಗಾರೆ ಡಬ್ಬಿ ಮೊದ್ಲು ಹೇಳಿದ್ದೇ ಸರಿ. ನೀನು ತಿದ್ದಿದ್ಯಾ?"

ಹೂಂ ಅಂದೆ. ಅವರು ಫಿಲ್ಮನ್ನು ಸುರುಳಿ ಸುತ್ತಿ ಮೇಜಿನ ಮೇಲಿಟ್ಟರು.

"ಬೈತೀನಿ ಅಂತ ಹೆದರ್ಕೊಂಡ್ಯಾ? ಬೈಸ್ಕೋಬೇಕಿತ್ತು ಕಣೇ. ನಮ್ಮಕ್ಕನ ಫೋಟೋ ಎರಡ್ನೇ ಸಲ ಕೆಟ್ಟೋಯ್ತಲ್ಲ."

ಅಳು ಬಂತು. ಆದರೂ ಈ ಸಲ ಬಾಯಿ ಬಿಟ್ಟೆ. "ನಾಳೆ ರಜಾ ಹಾಕ್ತೀನಿ. ಕಣ್ಣಾಸ್ಪತ್ರೆಗೆ ಹೋಗೋಣ."

"ಮೊದ್ಲು ಡಬ್ಬಿ ಸರಿ ಮಾಡು. ಆಮೇಲೆ ನನ್ ಕಣ್ಣು."

ಡಬ್ಬಿ ಅಂದೇ ಸರಿಯಾಯಿತು. ಕಣ್ಣುಗಳಿಗೆ ಒಂದಾದ ಮೇಲೊಂದು ಆಪರೇಷನ್ ಆಗಿ, ಎರಡು ತಿಂಗಳು ಹಿಡಿಯಿತು. ಕಪ್ಪು ಕನ್ನಡಕ ತೆಗೆದ ದಿನ ಆಪಾ ತಾರಸಿಗೆ ಬಂದು ನಿಂತು, "ಯಾ ಅಲ್ಲಾ, ಏನ್ ಬಿಸಿಲೇ!" ಎಂದು ನಕ್ಕರು. ನಾನು ಮೀಟರನ್ನು ಬೆನ್ನ ಹಿಂದೆ ಹಿಡಿದುಕೊಂಡು, ಎಷ್ಟು ಎಂದು ಕೇಳಿದೆ.

"ಹದಿನಾರು. ಅದನ್ನೂ ಕೇಳ್ಬೇಕಾ?"

ಮತ್ತೆ ಕುಣಿಗಲ್ಲಿಗೆ ಹೋದೆವು. ಅಕ್ಕ ಜಗಲಿಯ ನೆರಳಿನಲ್ಲಿ ಗೊಣಗುತ್ತಲೇ ಕೂತರು, "ಇದೇ ಕಡೇ ಸಲ ನೋಡಿ" ಅಂದರು. ಆಪಾ ತಮ್ಮ ಅಂದಾಜು ಹೇಳದೆ ನನ್ನ ಕಡೆ ತಿರುಗಿದರು. ಡಬ್ಬಿ ಹಿಡಿದು, ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ಅಷ್ಟಕ್ಕೇ ಇಟ್ಟರು. ಆ ಫೋಟೋದಲ್ಲಿ ಅಕ್ಕನ ದುಪಟ್ಟಾದ ಅಂಚಿನ ನೂಲು ಕೂಡ ಎಣಿಸುವಷ್ಟು ಸ್ಪಷ್ಟ.

ಆಪಾ ತೀರಿಕೊಂಡು ಎರಡು ವರ್ಷವಾಯಿತು. ಮಹಡಿಗೆ ಬೇರೆ ಬಾಡಿಗೆಯವರು ಬಂದಿದ್ದಾರೆ. ಮೆಟ್ಟಿಲ ಮೇಲೆ ಈಗ ಯಾವ ವಾಸನೆಯೂ ಇಲ್ಲ... ಮನಸ್ಸು ತಡೆಯದೆ ಮೊನ್ನೆ ಭಾನುವಾರ ಅಕ್ಕನನ್ನು ನೋಡಿಬರಲು ಕುಣಿಗಲ್ಲಿಗೆ ಹೋದೆ. ಅವರು ಗೋಡೆಯ ಮೇಲಿನ ಫೋಟೋ ಇಳಿಸಿ, ಹಿಂಬದಿ ತಿರುಗಿಸಿ ಕೈಗೆ ಕೊಟ್ಟರು. ಪೆನ್ಸಿಲಿನಲ್ಲಿ ಆಪಾರ ಗುಂಡನೆಯ ಕನ್ನಡ ಅಕ್ಷರ: "ಅಪರ್ಚರ್ ನಾಲ್ಕು. ಬೆಳಕು ಅಳೆದವಳು ಕೆಳಗಿನ ಮನೆ ಹುಡುಗಿ."

"ಇದು ನೀನೇ ಅಲ್ವೇನಮ್ಮ?" ಅಕ್ಕ ಕೇಳಿದರು.

"ಹೂಂ, ನಾನೇ" ಎಂದೆ. ಹೀಗೆ ಬರೆದಿಟ್ಟದ್ದನ್ನು ಆಪಾ ನನಗೆ ಒಂದು ದಿನವೂ ಹೇಳಿರಲಿಲ್ಲ.