ಆಗ್ನೆಸ್ ಟೀಚರ ಆರು ತಿಂಗಳು

ಎಪ್ಪತ್ತರ ದಶಕದಲ್ಲಿ ಕುಲಶೇಖರದ ಸ್ಟಾಪಿನಲ್ಲಿ ಇಳಿದವರು ಆಗ್ನೆಸ್ ಟೀಚರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಹನ್ನೊಂದು ಮೆಷಿನುಗಳು ಒಟ್ಟಿಗೆ ಕುಟ್ಟುವ ಸದ್ದು ರಸ್ತೆಗೇ ಬಂದು ಕರೆಯುತ್ತಿತ್ತು. ಮಂಗಳೂರಿನಲ್ಲಿ ಆಗ ಬಿ.ಎ., ಬಿ.ಕಾಂ. ಎನ್ನುವುದು ಅರ್ಧ ಟಿಕೇಟು. ಉಳಿದರ್ಧಕ್ಕೆ ಟೈಪಿಂಗು, ಶಾರ್ಟ್‌ಹ್ಯಾಂಡು ಬೇಕು. ಕಾನ್ವೊಕೇಷನ್ ಗೌನಿನಲ್ಲಿ ಫೋಟೋ ತೆಗೆಸಿಕೊಂಡವರೆಲ್ಲ ಮರುವಾರವೇ ಟೀಚರ ಬೆಂಚಿನ ಮೇಲೆ ಕೂತು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಎ ಎಸ್ ಡಿ ಎಫ್ ಒತ್ತುತ್ತಿದ್ದರು.

ಟೀಚರು ಮದುವೆಯಾದವರಲ್ಲ. ಐವತ್ತು ದಾಟಿತ್ತು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಕೋರ್ಸು ಮುಗಿದ ದಿನ ಪ್ರತಿಯೊಬ್ಬರನ್ನೂ ಎದುರು ಕೂರಿಸಿ ಪುಕ್ಕಟೆ ಬುದ್ಧಿವಾದ ಹೇಳುತ್ತಿದ್ದರು. ಮೊದಲ ದಿನ ಹೊಸ ಸೀರೆ ಉಡಬೇಡಿ, ಹಳೆಯದಕ್ಕೆ ಇಸ್ತ್ರಿ ಹಾಕಿ. ಸಾಹೇಬರು ಕರೆದರೆ ನೋಟ್‌ಬುಕ್ಕು ಬಿಟ್ಟು ಏಳಬೇಡಿ. ಪ್ರತಿ ಡಿಕ್ಟೇಶನ್ನಿನ ಮೇಲೂ ಅವತ್ತಿನ ತಾರೀಕು ಬರೆಯಿರಿ. ಕೊನೆಗೆ ಬೆರಳೆತ್ತಿ, "ಆರು ತಿಂಗಳು ಬಾಯಿ ತೆರೆಯಬೇಡಿ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಸುಮ್ಮನೆ ಹೇಳಿದ್ದಾರಾ?" ಎನ್ನುತ್ತಿದ್ದರು.

ಈ ಬುದ್ಧಿ ಅವರಿಗೆ ಪೆಟ್ಟು ತಿಂದು ಬಂದದ್ದು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಂಚಿನ ಕಾರ್ಖಾನೆಯೊಂದರ ಆಫೀಸು ಸೇರಿದ್ದರು. ಹೊರ ಊರಿನ ವ್ಯಾಪಾರಿಯೊಬ್ಬನ ಎದುರಿಗೇ ಸಾಹೇಬರು ಹೇಳಿದ ಹಡಗಿನ ಹೆಸರು ತಪ್ಪು ಎಂದು ತಿದ್ದಿಬಿಟ್ಟರು. ಹೆಸರು ಟೀಚರು ಹೇಳಿದ್ದೇ ಸರಿ, ಆದರೆ ಮರುದಿನದಿಂದ ಬರಬೇಕಾಗಿಲ್ಲ ಎಂದಾಯಿತು. ಆಮೇಲೆ ಅವರು ಯಾವ ಆಫೀಸಿನ ಮೆಟ್ಟಿಲನ್ನೂ ಹತ್ತಲಿಲ್ಲ, ಸಾವಿರ ಜನರನ್ನು ಹತ್ತಿಸಿದರು.

ಹಾಗೆ ಹತ್ತಿಸಿದವರಲ್ಲಿ ವಾಮಂಜೂರಿನ ಕುಶಲಾ ಒಬ್ಬಳು, ಶೀನಪ್ಪ ಶೆಟ್ಟರ ಹಿರಿಮಗಳು. ಭೂಸುಧಾರಣೆಯ ಡಿಕ್ಲರೇಷನ್ನಿನಲ್ಲಿ ಗದ್ದೆಗಳು ಗೇಣಿದಾರರಿಗೆ ಹೋದ ಮೇಲೆ ಶೆಟ್ಟರ ಬಳಿ ಉಳಿದದ್ದು ಮನೆ ಮತ್ತು ಮೀಸೆ. ನಮ್ಮ ಮನೆಯ ಹೆಣ್ಣು ಸಂಬಳಕ್ಕೆ ಕೂರುವುದಾ ಎಂದು ಒಂದು ವರ್ಷ ಹಠ ಹಿಡಿದು, ಕೊನೆಗೆ ಒಲ್ಲದ ಮನಸ್ಸಿನಿಂದ ಒಪ್ಪಿದ್ದರು. ಕುಶಲಾ ಸೋತು ಮನೆಗೆ ಬಂದರೆ ಕೆಳಗಿನ ಇಬ್ಬರು ತಂಗಿಯರಿಗೂ ಬಾಗಿಲು ಹಾಕಿದಂತೆಯೇ. ಎಪ್ಪತ್ತೇಳರ ಡಿಸೆಂಬರ್ ಒಂದಕ್ಕೆ ಅವಳು ಬಂದರಿನ ಒಂದು ಗೇರುಬೀಜದ ಕಂಪೆನಿಯಲ್ಲಿ ಸ್ಟೆನೋ ಆಗಿ ಸೇರಿದಳು.

ಮಾರ್ಚ್ ಕೊನೆಯ ಒಂದು ಭಾನುವಾರ ಮಧ್ಯಾಹ್ನ ಅವಳು ಟೀಚರ ಮನೆಗೆ ಬಂದಳು. ಮುಖ ಬಾಡಿತ್ತು.

"ಟೀಚರ್, ಯಾಹ್ಯಾಕನನ್ನು ತೆಗೆದುಹಾಕಿದರು."

"ಯಾರು ಯಾಹ್ಯಾಕ? ಕೂತು ಹೇಳು."

ಯಾಹ್ಯಾ, ಆಫೀಸಿನವರ ಬಾಯಲ್ಲಿ ಯಾಹ್ಯಾಕ, ಗೋದಾಮಿನ ಲೆಕ್ಕ ಬರೆಯುವ ರೈಟರ್, ಇಪ್ಪತ್ತು ವರ್ಷದ ಹಳಬರು. ಆ ಜಾಗಕ್ಕೆ ಮ್ಯಾನೇಜರರ ಅಕ್ಕನ ಮಗ ಬರಬೇಕಿತ್ತು. ಮಾರ್ಚ್ ಇಪ್ಪತ್ತರಂದು ಮ್ಯಾನೇಜರರು ಕುಶಲಾಳನ್ನು ಕರೆದು ಯಾಹ್ಯಾರ ಹೆಸರಿಗೆ ಒಂದು ವಾರ್ನಿಂಗ್ ಲೆಟರ್ ಬರೆಸಿ, ತಾರೀಕು ಮಾತ್ರ ಜನವರಿ ಮೂರು ಹಾಕಿಸಿದರು. ಮರುದಿನ, ಜನವರಿಯಲ್ಲೇ ಎಚ್ಚರಿಸಿದ್ದೆವು, ತಿದ್ದಿಕೊಳ್ಳಲಿಲ್ಲ ಎಂದು ಯಾಹ್ಯಾರನ್ನು ಮನೆಗೆ ಕಳಿಸಿದರು.

"ಬರೆಸುವಾಗ ನೀನು ಎಂತ ಹೇಳಿದೆ?"

"ಎಂತದೂ ಇಲ್ಲ. ನೀವು ಹೇಳಿದ್ದು ಹಾಗೆಯೇ ಅಲ್ವಾ?"

ಟೀಚರಿಗೆ ಮೊದಲು ಬಂದದ್ದು ಸಿಟ್ಟು. ಹುಡುಗಿಯ ಮೇಲೋ ಮ್ಯಾನೇಜರನ ಮೇಲೋ ಅವರಿಗೇ ತಿಳಿಯಲಿಲ್ಲ. "ಲೇಬರ್ ಆಫೀಸರಿಗೆ ಹೇಳಲಾ?" ಎಂದು ಕುಶಲಾ ಕೇಳಿದಳು. "ಕೆಲಸ ಹೋದರೆ ನಿನ್ನ ಅಪ್ಪ ಮತ್ತೆ ಹೊರಗೆ ಬಿಡ್ಲಿಕ್ಕುಂಟಾ? ಇದೆಲ್ಲ ನಮಗ್ಯಾಕೆ ಮಾರಾಯ್ತಿ, ಸುಮ್ಮನೆ ಕೂರು," ಎಂದು ಕಾಫಿ ಕೊಟ್ಟು ಕಳಿಸಿದರು. ಹುಡುಗಿ ಕಾಫಿಯನ್ನು ಅರ್ಧ ಬಿಟ್ಟು ಹೋದಳು.

ಎರಡು ವಾರ ಕಳೆದು ಟೀಚರಿಗೆ ಸರಕಾರಿ ಲಕೋಟೆ ಬಂತು. ಕುಶಲಾ ಸುಮ್ಮನೆ ಕೂತಿರಲಿಲ್ಲ, ಶಾರ್ಟ್‌ಹ್ಯಾಂಡ್ ನೋಟ್‌ಬುಕ್ಕು ಹಿಡಿದು ಲೇಬರ್ ಆಫೀಸರ ಹತ್ತಿರ ಹೋಗಿದ್ದಳು. ಅವಳ ಗೀಚನ್ನು ಅವಳೇ ಓದಿದರೆ ಹೇಗೆ ನಂಬುವುದು ಎಂದು ಕಂಪೆನಿಯ ವಕೀಲರು ತಕರಾರು ತೆಗೆದರು. ಹೊರಗಿನ, ವಿಷಯ ಬಲ್ಲವರೊಬ್ಬರು ಓದಲಿ ಎಂದು ತೀರ್ಮಾನವಾಯಿತು. ಊರಿಗೆಲ್ಲ ಗೊತ್ತಿದ್ದ ಹೆಸರು ಒಂದೇ.

ಟೀಚರು ಹೋಗದೆ ಇರಬಹುದಿತ್ತು. ಜ್ವರ ಎಂದು ಒಂದು ಚೀಟಿ ಬರೆದರೆ ಸಾಕಿತ್ತು, ಬರೆದೂ ಆಗಿತ್ತು. ಆದರೆ ಅವರು ಓದದಿದ್ದರೆ ಹುಡುಗಿ ಕೆಲಸ ಪಣಕ್ಕಿಟ್ಟದ್ದು ನೀರಲ್ಲಿ ಹೋಮ. ಚೀಟಿ ಹರಿದು, ಹಳೆಯ ಸೀರೆಗೆ ಇಸ್ತ್ರಿ ಹಾಕಿ ಬಸ್ಸು ಹತ್ತಿದರು.

ಮೇಜಿನ ಆಚೆ ಆಫೀಸರು, ಈಚೆ ಮ್ಯಾನೇಜರರು, ವಕೀಲರು, ಗೋಡೆ ಬದಿಗೆ ಟೊಪ್ಪಿ ಸರಿಪಡಿಸಿಕೊಳ್ಳುತ್ತ ಯಾಹ್ಯಾ, ಮೂಲೆಯಲ್ಲಿ ಕುಶಲಾ. ಟೀಚರು ಕನ್ನಡಕ ಹಾಕಿ ಪುಟದ ಮೇಲಿನ ತಾರೀಕು ಓದಿದರು, ಮಾರ್ಚ್ ಇಪ್ಪತ್ತು. ಆಮೇಲೆ ಕಾಗದವನ್ನು ತಡವರಿಸದೆ ಓದಿದರು. "ಜನವರಿ ಮೂರು ಎಂದು ಹಾಕಿ" ಎಂಬ ಮ್ಯಾನೇಜರರ ಮಾತೂ ಅದರಲ್ಲೇ ಇತ್ತು. ಕುಶಲಾ ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡಿದ್ದಳು.

ಆ ಒಂದು ತಾರೀಕಿನ ಬಲದಿಂದ ಯಾಹ್ಯಾ ಮತ್ತೆ ಗೋದಾಮು ಸೇರಿದರು. ಕುಶಲಾಳ ಕೆಲಸ ಹೋಯಿತು. ಒಂದೂವರೆ ವರ್ಷ ಅಪ್ಪನ ಮೌನ ಸಹಿಸಿ ಬ್ಯಾಂಕಿನ ಪರೀಕ್ಷೆ ಪಾಸಾದಳು. ಅದೆಲ್ಲ ಆಮೇಲಿನ ಮಾತು. ಅವತ್ತಿನ ಓದು ಅಲ್ಲಿಗೆ ಮುಗಿಯಲಿಲ್ಲ.

"ಕೆಳಗೆ ಇನ್ನೂ ಎರಡು ಸಾಲು ಉಂಟಲ್ಲ," ಎಂದರು ವಕೀಲರು, ಏನಾದರೂ ಸಿಗಬಹುದೆಂಬ ಆಸೆಯಿಂದ.

ಟೀಚರು ಆ ಸಾಲುಗಳನ್ನು ಮನಸ್ಸಿನಲ್ಲೇ ಓದಿಕೊಂಡರು. ಕುಶಲಾ ತಲೆ ತಗ್ಗಿಸಿದಳು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಅವರಿಬ್ಬರೇ. ಟೀಚರು ಏನು ಬೇಕಾದರೂ ಹೇಳಬಹುದಿತ್ತು.

"ಇದ್ದ ಹಾಗೆ ಓದಿ ಅಮ್ಮ," ಎಂದರು ಆಫೀಸರು.

ಟೀಚರು ಓದಿದರು. "ಟೀಚರ್ ಹೇಳಿದ ಆರು ತಿಂಗಳಿಗೆ ಇನ್ನು ಎರಡು ತಿಂಗಳು ಹನ್ನೊಂದು ದಿನ ಉಂಟು. ಬಾಯಿ ಮುಚ್ಚಿದ್ದೇನೆ. ಯಾಹ್ಯಾಕನ ಮುಖ ನೋಡಲಿಕ್ಕೆ ಆಗುವುದಿಲ್ಲ."

"ಯಾರು ಈ ಟೀಚರ್?" ಎಂದು ಆಫೀಸರು ಕೇಳಿದರು.

ಆಗ್ನೆಸ್ ಟೀಚರು ಕನ್ನಡಕ ತೆಗೆದರು. "ನಾನೇ ಸರ್. ನಾನು ಕಲಿಸಿದ್ದು ತಪ್ಪು. ಅದನ್ನೂ ಬರೆದುಕೊಳ್ಳಿ."