ನಮ್ಮ ಜಗಲಿಯ ಲೋಕಸಭೆ

ಬೆಳಿಗ್ಗೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ ಎಣ್ಣೆ ಹೀರಿದ ತಲೆಬರಹ ಕಂಡಿತು: 'ಗದ್ದಲ, ಸದನ ಮುಂದೂಡಿಕೆ'. ಮೈ ಉರಿಯಿತು. ಆ ಕಮಟು ವಾಸನೆಯ ಜೊತೆಗೇ ನಮ್ಮ ಘನತೆವೆತ್ತ ಲೋಕಸಭೆಯೂ ನೆನಪಾಯಿತು.

ನಾನು ಹುಡುಗನಾಗಿದ್ದಾಗ ಅದು ಸೇರುತ್ತಿದ್ದುದು ತಳಕು ಊರಿನ ನಮ್ಮ ಮನೆಯ ಜಗಲಿಯಲ್ಲಿ. ಓದು ಬಾರದ ಅವ್ವ ದಿನಾ ನನ್ನಿಂದ ಪೇಪರ್ ಓದಿಸುತ್ತಿದ್ದಳು. ಬೋರಿನ ಫ್ಲೋರೈಡ್ ನೀರು ಕುಡಿದು ಅವಳ ಮಂಡಿ ಬಿಗಿದಿದ್ದವು, ತಂಗಿಯ ಹಲ್ಲು ಕಂದುಬಣ್ಣಕ್ಕೆ ತಿರುಗಿದ್ದವು. ಇದನ್ನು ದಿಲ್ಲಿಯಲ್ಲಿ ಕೇಳಿಯೇ ತೀರುತ್ತೇನೆಂದು ನಮ್ಮ ಸಂಸದರು ಓಟಿನ ಹೊತ್ತಿನಲ್ಲಿ ಮಾತು ಕೊಟ್ಟಿದ್ದರು.

"ನಮ್ ನೀರಿನ ಮಾತು ಬಂತೇನ್ಲೇ?"

"ಇಲ್ಲವ್ವ. ಕೂಗಾಡಿ ಎದ್ದೋದ್ರಂತೆ."

ಆ ಸುದ್ದಿ ಓದಿ ಓದಿಯೇ ನಾವು ಹುಡುಗರು ಆಟ ಕಲಿತೆವು. ಅಪ್ಪನ ಟವೆಲ್ ಹೊದ್ದ ನಾನು ಸಭಾಧ್ಯಕ್ಷ. ಉಳಿದವರು ಹಳೇ ಪೇಪರ್ ಹರಿದು ತೂರುವ ಮಾನ್ಯ ಸದಸ್ಯರು. ಒಂದು ದಿನ ಅವ್ವ ಕುಂಟುತ್ತಾ ಸದನಕ್ಕೇ ನುಗ್ಗಿ, ಬೋರಿನ ನೀರು ತುಂಬಿದ ಚೊಂಬನ್ನು ನನ್ನ ಮುಂದೆ ಕುಕ್ಕಿದಳು.

"ಅಧ್ಯಕ್ಷರೇ, ಇದನ್ನ ಇನ್ನೂ ಎಷ್ಟ್ ದಿನ ಕುಡೀಬೇಕ್ರಿ? ಹೇಳ್ರಿ!"

ನಾನು ಗಂಭೀರವಾಗಿ ಎದ್ದು ನಿಂತು, "ಸದನವನ್ನು ಮುಂದೂಡಲಾಗಿದೆ" ಎಂದು ಘೋಷಿಸಿದೆ. ಮಾನ್ಯ ಸದಸ್ಯರೆಲ್ಲ ಬಿದ್ದು ಬಿದ್ದು ನಕ್ಕರು. ಅವ್ವ ನಗಲಿಲ್ಲ.

"ನೀವು ಹುಡುಗ್ರು, ಆಡ್ರಿ. ದಿಲ್ಲೀಲಿರೋ ಅವ್ರಿಗೇನ್ ಬಂದೈತೆ ರೋಗ?"

ಈಗ ಅವ್ವನನ್ನು ಇಬ್ಬರು ಹಿಡಿದು ಎಬ್ಬಿಸಬೇಕು. ಇವತ್ತು ಮನೆಗೆ ಬಂದು ಆ ಎಣ್ಣೆ ಪೇಪರನ್ನು ಅವಳಿಗೆ ಓದಿ ಹೇಳಿದೆ. ಮಂಡಿ ತಿಕ್ಕಿಕೊಳ್ಳುತ್ತಾ ಕೇಳಿದಳು:

"ಆ ಮುಂಡೇವು ಇನ್ನೂ ದೊಡ್ಡೋರಾಗ್ಲಿಲ್ವೇನ್ಲೇ?"